ಕರಾವಳಿಯ ಕೋಟೆಗಳನ್ನು ಊರವರೇ ಅಳೆದು ದಾಖಲಿಸಬೇಕು

ಮಾನ್ಯರೇ,

ಕಾಸರಗೋಡಿನ ಕೋಟೆಗಳ ಮಾತು ಬಂದಾಗಲೆಲ್ಲ ಪತ್ರಿಕೆಗಳಲ್ಲಿ ಕಾಣಿಸುವುದು ಬೇಕಲದ ಚಿತ್ರ ಮಾತ್ರ. ಕಡಲಿಗೆ ಚಾಚಿ ನಿಂತ ಆ ಕೊತ್ತಲ ನೋಡುವಂಥದ್ದೇ ಸರಿ. ಆದರೆ ಬೇಕಲ ಒಂಟಿ ಕೋಟೆಯಲ್ಲ. ಕುಂಬಳೆ ಹೊಳೆಯ ಬಳಿಯ ಆರಿಕ್ಕಾಡಿ, ಪಯಸ್ವಿನಿಯ ತೆಂಕಣ ದಡದ ಗುಡ್ಡದ ಮೇಲಿನ ಚಂದ್ರಗಿರಿ, ಇನ್ನೂ ತೆಂಕಕ್ಕೆ ಹೊಸದುರ್ಗ, ಒಳನಾಡಿನ ಪೊವ್ವಲ್, ಇವೆಲ್ಲವೂ ಸೇರಿ ಹೊಳೆಬಾಯಿಗಳನ್ನೂ ಕಡಲ ದಾರಿಯನ್ನೂ ಕಾಯುತ್ತಿದ್ದ ಒಂದು ರಕ್ಷಣಾ ಸಾಲು. ಇದರ ಬಹುಪಾಲು ಇಕ್ಕೇರಿ ನಾಯಕರ ಕಾಲದ್ದು. 1763ರಲ್ಲಿ ಅವರ ರಾಜಧಾನಿ ಬಿದನೂರು ಹೈದರಾಲಿಯ ಕೈಸೇರಿದ ಮೇಲೆ ಈ ಕೋಟೆಗಳೂ ಮೈಸೂರಿಗೆ ಸಂದವು. 1799ರಲ್ಲಿ ಟಿಪ್ಪು ಮಡಿದ ನಂತರ ಈಸ್ಟ್ ಇಂಡಿಯಾ ಕಂಪನಿಯ ವಶವಾದವು. ಅಲ್ಲಿಂದೀಚೆಗೆ ಅವುಗಳಿಗೆ ಯುದ್ಧದ ಕೆಲಸ ಉಳಿಯಲಿಲ್ಲ. ಬೇಕಲವೊಂದು ಕೆಲವು ಕಾಲ ತಾಲೂಕು ಕೇಂದ್ರವಾಗಿತ್ತು, ಆಮೇಲೆ ಆ ಸ್ಥಾನವೂ ಕಾಸರಗೋಡಿಗೆ ಬಂತು.

ಬೇಕಲಕ್ಕೆ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆ ಇರುವುದರಿಂದ ಅಲ್ಲಿ ಕಲಿಯಲು ಬೇಕಾದಷ್ಟಿದೆ. ಗೋಡೆಯ ಕಿಂಡಿಗಳ ಮುಂದೆ ಕುಳಿತು ನೋಡಿದವರಿಗೆ ಕಟ್ಟಿದವರ ಲೆಕ್ಕಾಚಾರ ತಿಳಿಯುತ್ತದೆ: ಮೇಲಿನ ಕಿಂಡಿ ದೂರದ ಗುರಿಗೆ, ಅದರ ಕೆಳಗಿನದು ಹತ್ತಿರ ಬಂದ ಶತ್ರುವಿಗೆ, ಎಲ್ಲಕ್ಕಿಂತ ಕೆಳಗಿನದು ಗೋಡೆಯ ಬುಡಕ್ಕೇ ಬಂದು ಮುಟ್ಟಿದವರಿಗೆ. ನೇರ ನುಗ್ಗಲಾಗದಂತೆ ತಿರುಗಿ ಸಾಗುವ ಪ್ರವೇಶದ ಹಾದಿ, ಕಂದಕ, ಮದ್ದಿನ ಮನೆ, ಮೆಟ್ಟಿಲುಗಳುಳ್ಳ ಕೆರೆ, ನಡುವಿನ ಕಾವಲು ಬುರುಜು, ಇವುಗಳನ್ನೆಲ್ಲ ಒಂದಕ್ಕೊಂದು ಹೊಂದಿಸಿ ನೋಡಿದಾಗ ಮಾತ್ರ ಕೋಟೆ ಎಂಬುದು ಬರಿಯ ಗೋಡೆಯಲ್ಲ, ಯೋಚಿಸಿ ಕಟ್ಟಿದ ಯಂತ್ರ ಎಂಬುದು ಮನದಟ್ಟಾಗುತ್ತದೆ. ಹೊಸದುರ್ಗದಲ್ಲಿ ದುಂಡನೆಯ ಕೊತ್ತಲಗಳಿವೆ. ಚೌಕ ಕೊತ್ತಲದ ಮೂಲೆ ಗುಂಡಿನ ಪೆಟ್ಟಿಗೆ ಬೇಗ ಮುರಿಯುತ್ತದೆ, ದುಂಡು ಮೈ ಪೆಟ್ಟನ್ನು ಜಾರಿಸುತ್ತದೆ. 1801ರಲ್ಲಿ ಕಂಪನಿಯ ಪರವಾಗಿ ನಾಡನ್ನು ಸಮೀಕ್ಷೆ ಮಾಡುತ್ತ ಈ ದಾರಿಯಾಗಿ ಹೋದ ಫ್ರಾನ್ಸಿಸ್ ಬುಕಾನನ್ ಆ ಕೊತ್ತಲಗಳನ್ನು ಮೆಚ್ಚಿ ಬರೆದಿಟ್ಟಿದ್ದಾನೆ. ನಾವು ಹೊಸದುರ್ಗ ಎನ್ನುವುದನ್ನೇ ಮಲಯಾಳದವರು ಪುದಿಯಕೋಟೆ ಎನ್ನುತ್ತಾರೆ. ಎರಡು ಭಾಷೆಗಳೂ ಒಂದೇ ಅರ್ಥವನ್ನು ಕಾಪಾಡಿಕೊಂಡು ಬಂದಿರುವುದು ನನಗೆ ಪ್ರತಿಸಲವೂ ಸಂತೋಷ ಕೊಡುವ ಸಂಗತಿ.

ಆರಿಕ್ಕಾಡಿಯಲ್ಲಿ ಕಾಣುವುದೇ ಬೇರೆ. ರಾಷ್ಟ್ರೀಯ ಹೆದ್ದಾರಿಯಲ್ಲಿ ದಿನವೂ ಸಾವಿರಾರು ಜನ ಅದರ ಪಕ್ಕದಲ್ಲೇ ಹಾದುಹೋಗುತ್ತಾರೆ. ಒಳಗಿನ ಆಂಜನೇಯನ ಗುಡಿಗೆ ಬರುವವರನ್ನು ಬಿಟ್ಟರೆ ಹತ್ತಿ ನೋಡುವವರು ಕಡಿಮೆ. ಕಳೆದ ಮಳೆಗಾಲದ ಕೊನೆಗೆ ನಾನು ಹೋದಾಗ ಗೋಡೆಯ ಒಂದು ಮಗ್ಗುಲು ಬಳ್ಳಿ ಪೊದೆಗಳ ಅಡಿಯಲ್ಲಿ ಪೂರ್ತಿ ಮುಚ್ಚಿಹೋಗಿತ್ತು. ಈ ಗೋಡೆಗಳ ಮುರಕಲ್ಲು, ಅಂದರೆ ಜಂಬಿಟ್ಟಿಗೆ, ನೆಲದಡಿಯಲ್ಲಿರುವಾಗ ಮೆದು, ಕಡಿದು ಗಾಳಿಗಿಟ್ಟ ಮೇಲೆ ಗಟ್ಟಿ. ಆದ್ದರಿಂದಲೇ ನಮ್ಮ ಕೋಟೆಗಳು ಇಷ್ಟು ಮಳೆಗಾಲಗಳನ್ನು ತಾಳಿಕೊಂಡಿವೆ. ಆದರೆ ಸಂದಿನಲ್ಲಿ ಬೇರುಬಿಟ್ಟ ಒಂದು ಆಲದ ಸಸಿ ಫಿರಂಗಿಗೂ ಜಗ್ಗದ ಗೋಡೆಯನ್ನು ಒಳಗಿಂದ ಸೀಳಬಲ್ಲದು. ಅದಕ್ಕೆ ಮನುಷ್ಯರ ಕೈಯೂ ಸೇರುತ್ತದೆ. ನಿಧಿಯ ಆಸೆಗೆ ನೆಲ ಅಗೆಯುವವರಿದ್ದಾರೆ, ಹದವಾಗಿ ಕಡಿದ ಹಳೆಯ ಕಲ್ಲನ್ನು ಕಾಂಪೌಂಡಿಗೆ ಒಯ್ಯುವವರೂ ಇದ್ದಾರೆ. ಕಿತ್ತ ಕಲ್ಲು ಎಲ್ಲಿಯದೆಂದು ಯಾರೂ ಬರೆದಿಡದಿದ್ದರೆ ನಾಳೆ ಗೋಡೆ ಎಷ್ಟು ಎತ್ತರವಿತ್ತೆಂದು ಹೇಳಲೂ ಆಗದು.

ನನ್ನ ಕೋರಿಕೆ ಈ ದಾಖಲೆಯ ಬಗ್ಗೆಯೇ. ಎರಡನೆಯ ಮಹಾಯುದ್ಧದಲ್ಲಿ, 1940ರಲ್ಲಿ, ಜರ್ಮನ್ ಸೇನೆ ಕಡಲು ದಾಟಿ ಬರುವ ಭಯದಿಂದ ಬ್ರಿಟನ್ನಿನವರು ತಮ್ಮ ತೀರದುದ್ದಕ್ಕೂ ಕಾಂಕ್ರೀಟಿನ ಕಾವಲು ಗೂಡುಗಳನ್ನೂ ಟ್ಯಾಂಕು ತಡೆಯುವ ಕಟ್ಟೆಗಳನ್ನೂ ಅವಸರವಸರವಾಗಿ ಕಟ್ಟಿದರು. ಯುದ್ಧ ಮುಗಿದ ಮೇಲೆ ಅವು ಹೊಲದ ಮೂಲೆಗಳಲ್ಲೂ ಮರಳ ದಿಬ್ಬಗಳಲ್ಲೂ ಬೇಡದ ವಸ್ತುಗಳಾಗಿ ಬಿದ್ದಿದ್ದವು. 1995ರಿಂದ 2002ರವರೆಗೆ ನಡೆದ ‘ಡಿಫೆನ್ಸ್ ಆಫ್ ಬ್ರಿಟನ್’ ಯೋಜನೆಯಲ್ಲಿ ಸುಮಾರು 600 ಸ್ವಯಂಸೇವಕರು ಊರೂರು ಸುತ್ತಿ ಅಂಥ 20,000ದಷ್ಟು ತಾಣಗಳನ್ನು ಒಂದೊಂದಾಗಿ ಗುರುತಿಸಿ ಬರೆದಿಟ್ಟರು. ಅರುವತ್ತು ವರ್ಷದ ಆಸುಪಾಸಿನ ಕಾಂಕ್ರೀಟಿಗೆ ಅವರು ಕೊಟ್ಟ ಗಮನವನ್ನು ಮುನ್ನೂರು ವರ್ಷ ದಾಟಿದ ಮುರಕಲ್ಲಿಗೆ ನಾವು ಕೊಡಲಾಗದೆ? ಬ್ರಿಟನ್ನಿನವರೆಗೆ ಹೋಗುವುದೂ ಬೇಡ. ನಮ್ಮ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿದ್ದ ಕಾಲದಲ್ಲಿ, 1914ರ ಸೆಪ್ಟೆಂಬರ್ 22ರ ರಾತ್ರಿ, ಎಮ್ಡನ್ ಎಂಬ ಜರ್ಮನ್ ಹಡಗು ಮದ್ರಾಸಿನ ಮೇಲೆ ಗುಂಡು ಹಾರಿಸಿತು. ಆ ಒಂದು ರಾತ್ರಿಯ ನೆನಪಿಗೆ ಅಲ್ಲಿನ ಹೈಕೋರ್ಟಿನ ಗೋಡೆಯಲ್ಲಿ ಫಲಕ ಇಟ್ಟಿದ್ದಾರೆ.

ನಮ್ಮ ಕೆಲಸಕ್ಕೆ ದೊಡ್ಡ ಅನುದಾನ ಬೇಕಾಗಿಲ್ಲ. ಶಾಲಾ ಕಾಲೇಜುಗಳ ಮಕ್ಕಳು, ಗ್ರಂಥಾಲಯಗಳು, ಯುವಕ ಸಂಘಗಳು ಒಂದೊಂದು ಕೋಟೆಯನ್ನು ಹಂಚಿಕೊಂಡು, ಪುರಾತತ್ವ ಇಲಾಖೆಯ ಮಾರ್ಗದರ್ಶನ ಪಡೆದು, ಗೋಡೆ, ಕೊತ್ತಲ, ಕಿಂಡಿ, ಬಾವಿಗಳನ್ನು ಅಳೆದು, ಚಿತ್ರ ತೆಗೆದು, ನಕ್ಷೆಯಲ್ಲಿ ಗುರುತಿಸಲಿ. ಅಗೆಯುವುದು ಮಾತ್ರ ಬೇಡವೇ ಬೇಡ. ಒಂದು ಕಲ್ಲನ್ನೂ ಕದಲಿಸಬಾರದು. ಕೋಟೆಯ ಸುತ್ತ ಬಾಳಿದ ಹಿರಿಯರಿಗೆ ಯಾವ ಕಂಡಿಗೆ ಏನು ಹೆಸರು, ಕಂದಕ ಎಲ್ಲಿಯವರೆಗೆ ಇತ್ತು ಎಂಬುದು ನೆನಪಿರುತ್ತದೆ. ಅದನ್ನು ತುಳು, ಕನ್ನಡ, ಮಲಯಾಳ, ಬ್ಯಾರಿ, ಅವರು ಯಾವ ಭಾಷೆಯಲ್ಲಿ ಹೇಳುತ್ತಾರೋ ಅದರಲ್ಲೇ ಬರೆದುಕೊಳ್ಳಬೇಕು. ಇಲಾಖೆಯವರು ಹಾಕುವ ಫಲಕಗಳಲ್ಲಿ ಮಲಯಾಳ, ಇಂಗ್ಲಿಷ್‌ಗಳ ಜೊತೆಗೆ ಕನ್ನಡವೂ ಇರಲಿ ಎಂದು ವಿನಂತಿಸುತ್ತೇನೆ. ಇಕ್ಕೇರಿಯವರ ಕೋಟೆಯ ಕಥೆಯನ್ನು ಇಲ್ಲಿನ ಕನ್ನಡ ಮಕ್ಕಳು ತಮ್ಮ ಭಾಷೆಯಲ್ಲಿ ಓದಲಾಗದಿರುವುದು ನ್ಯಾಯವಲ್ಲ.

ಮಕರ, ಕುಂಭ ಮಾಸಗಳಲ್ಲಿ ಹುಲ್ಲು ಒಣಗಿ ಪೊದೆ ಬತ್ತುವುದರಿಂದ ಗೋಡೆಗಳು ಕಣ್ಣಿಗೆ ಬೀಳುತ್ತವೆ. ಆಗ ಆರಂಭಿಸಿದರೆ ಮೇ ತಿಂಗಳ ಕೊನೆಗೆ ಬರುವ ತುಳುವರ ಪತ್ತನಾಜೆಯ ಒಳಗೆ ಆರಿಕ್ಕಾಡಿಯ ಅಳತೆಯನ್ನಾದರೂ ಮುಗಿಸಬಹುದು. ಟೇಪು ಹಿಡಿಯಲು ನಾನೂ ಬರುತ್ತೇನೆ.

– ಒಬ್ಬ ನಿವೃತ್ತ ಅಧ್ಯಾಪಕ, ಕುಂಬಳೆ