ಪುಣೆದಾಗಿರೂ ದೋಸ್ತಗ

ದೋಸ್ತಾ,

ಹೊಳಿ ದಂಡಿಗೆ ಟೆಂಟ್ ಹಾಕಾಕ ಹೋಗಿದ್ವಲ್ಲ, ಅದರ ಫೋಟೋ ಹಾಕಲಿಲ್ಲ ಅಂತ ನೀ ಸಿಟ್ಟಾಗಿ ಅಂತ ಕೇಳಿದೆ. ಫೋಟೋ ತಗಿಯೂ ಹೊತ್ತ ಇರಲಿಲ್ಲೋ. ಅಲ್ಲಿ ಏನಾತು ಅಂತ ಎಲ್ಲಾರೂ ಕೇಳಾಕತ್ತಾರ, ಅದಕ್ಕ ನಿನ್ನ ಹೆಸರಿಲೆ ಇಲ್ಲೇ ಬರದಬಿಡತೇನಿ. ಕೆಂಪು ಚಪ್ಪಲಿ ವಿಷಯ ಬರಿಯಂಗಿಲ್ಲ, ಹೆದರಬ್ಯಾಡ.

ಹಾವೇರಿ ಜಿಲ್ಲಾದ ಗಳಗನಾಥದಾಗ ವರದಾ ಬಂದು ತುಂಗಭದ್ರಾ ಕೂಡತಾಳಲ್ಲ, ಅಲ್ಲಿಂದ ಹರಿಗೋಲು ಹತ್ತಿ ಆಚಿ ದಂಡಿ ಉಸುಕಿನ್ಯಾಗ ಟೆಂಟ್ ಹಾಕಿದ್ವಿ. ಚಿತ್ತಿ ಮಳಿ ದಿವಸ. ಮಧ್ಯಾಹ್ನ ಬೆನ್ನು ಸುಡೂ ಬಿಸಲು, ಸಂಜಿಕ ಮೂಡಲ ದಿಕ್ಕಿಗೆ ಕರ್ರಗ ಮೋಡ. ಅಂಬಿಗ ಮಾವ 'ನೀರು ಬಿಟ್ಟು ಬರ್ರಿ' ಅಂತ ಒದರಿದ. ಹರಿಗೋಲು ಬೋರಲು ಹಾಕಿ ಮ್ಯಾಲೆ ಕಲ್ಲು ಹೇರೂದರಾಗ ಗಾಳಿ ಬಡೀತು. ಟೆಂಟು ಮಳಿ ತಡೀತೈತಿ, ಸಿಡ್ಲು ತಡಿಯಂಗಿಲ್ಲ. ಬಿಟ್ಟು ಹೊರಗ ಬಂದ್ವಿ. ಕಲ್ಲಿನ ಗುಡಿ ಈಚಿ ದಂಡಿಗೆ, ನಡುವ ಹೊಳಿ. ಒಂಟಿ ಜಾಲಿಗಿಡದ ಬುಡಕ್ಕ ಯಾರನ್ನೂ ಹೋಗಗೊಡಲಿಲ್ಲ ಮಾವ. ಒಬ್ಬರಿಂದೊಬ್ಬರು ದೂರ, ಎರಡೂ ಪಾದ ಜೋಡಿಸಿ ಕುಕ್ಕರಗಾಲಿಲೆ ಕುಂತ್ವಿ.

ಮಿಂಚಿದ ಕೂಡಲೆ ಎಣಸೂದು. ಗುಡುಗಿನ ಸಪ್ಪಳ ಒಂದು ಕಿಲೋಮೀಟರ್ ಬರಾಕ ಸುಮಾರು 3 ಸೆಕೆಂಡ್ ಬೇಕು. 15 ಇದ್ದದ್ದು 6ಕ್ಕ ಇಳೀತು. ಆಮ್ಯಾಲೆ ಎಣಸಾಕ ಏನೂ ಉಳೀಲಿಲ್ಲ, ಬೆಳಕು ಸಪ್ಪಳ ಕೂಡೇ ಬಂದ್ವು.

ಅಲ್ಲೇ ನಮ್ಮಪ್ಪ ನೆನಪಾದ. ಇಂಥಾ ವ್ಯಾಳ್ಯಾಕ ಅಂವ ಕಣದಾಗ ಗೋವಿನಜೋಳದ ರಾಶಿ ಮುಚ್ಚಾಕ ಓಡಿರತಾನ. ತಾಡಪತ್ರಿ ಒಂದು ತುದಿ ಕಾಲಿಲೆ ತುಳದು, ಹಗ್ಗ ಹಲ್ಲಾಗ ಕಚ್ಚಿ ಹಿಡದು, ಸುತ್ತ ಬಯಲಿನ್ಯಾಗ ಎಲ್ಲಾದ್ದಕ್ಕಿಂತ ಎತ್ತರ ಅಂವನ. ಸಣ್ಣವನಿದ್ದಾಗಿಂದ ನೋಡೇನಿ. ತೊಯ್ದು ಬರತಿದ್ದ, ಅವ್ವ ಟಾವೆಲ್ ಕೊಡತಿದ್ಲು, ಅಷ್ಟ. ಸಿಡ್ಲಿಗೆ ಸಾಯೂ ಮಂದಿ ಹೆಚ್ಚಾಗಿ ಹೊಲದಾಗಿನವರು, ಕುರಿ ಕಾಯೂವರು ಅಂತ ಪೇಪರಿನ್ಯಾಗ ಓದಿ ಪುಟ ತಿರುವೇನಿ. ಅಪ್ಪಗ ಸಾವು ಐತಿ ಅನ್ನೂದು ಆ ಉಸುಕಿನ್ಯಾಗ ಮೊದಲ ಸಲ ತಿಳೀತು. ನಿಮ್ಮಪ್ಪ ಹೋದಾಗ ನಿನ್ನ ಬಾಜೂಕ ಕುಂತು ರಾತ್ರಿಯೆಲ್ಲಾ ಸಮಾಧಾನ ಹೇಳಿದ್ದೆ. ಆಗ ನಿನಗ ಏನಾಗಿತ್ತು ಅಂತ ನನಗ ಗೊತ್ತಾಗಿದ್ದು ಈಗ, ದೋಸ್ತಾ.

ಕಡೀ ಗುಡುಗು ಕೇಳಿ ಅರ್ಧಾ ತಾಸು ಹಂಗ ಕುಂತು, ಆಮ್ಯಾಲೆ ನೆಟ್‌ವರ್ಕ್ ಹುಡುಕಿ ಅಪ್ಪಗ ಫೋನ್ ಹಚ್ಚಿದೆ. 'ರಾಶಿ ತೊಯ್ದಿಲ್ಲ ಬಿಡೋ' ಅಂದ. ನಾ ರಾಶಿ ಕೇಳಾಕ ಹಚ್ಚೇನಿ ಅಂತ ತಿಳಕೊಂಡ.

ಊರಿಗೆ ಹೋಗಿ ಅಂವನ ಫೋನಿಗೆ 'ದಾಮಿನಿ' ಆ್ಯಪ್ ಹಾಕಿಕೊಟ್ಟೇನಿ, ನಿಮ್ಮ ಪುಣೆದ ಐಐಟಿಎಂ ಅನ್ನೂ ಹವಾಮಾನ ಸಂಶೋಧನಾ ಸಂಸ್ಥೆ ಮಾಡಿದ್ದು. ಸುತ್ತಮುತ್ತ ಸಿಡ್ಲು ಬರೂದಿದ್ರ ಮೊದಲ ಹೇಳತೈತಿ. ದಿನಾ ನೋಡಾಕತ್ತಾನಂತ, ಅವ್ವ ಹೇಳಿದ್ಲು.

ಬಾಳ ಬರದೆ, ಮಂದಿ ಓದೂ ಜಾಗಾ ಇದು. ದೀಪಾವಳಿಗೆ ಬರೂವಾಗ ಭಾಕರವಡಿ ತಗೊಂಬಾ. ಹಾವೇರಿ ಬಸ್‌ಸ್ಟ್ಯಾಂಡಿಗೆ ನಾ ಬರತೇನಿ, ಗಿರಮಿಟ್ಟು ಮಿರ್ಚಿ ನನ್ನ ಲೆಕ್ಕ.

ನಿನ್ನ ದೋಸ್ತ