ಸರಳ ಮದುವೆಗೂ ಸಿರಿವಂತಿಕೆಯ ರುಜು ಬೇಕೇ?

ಮಾನ್ಯ ಸಂಪಾದಕರೇ,

ಉಳ್ಳವರ ಮನೆಯಲ್ಲಿ ಮದುವೆ ಸರಳವಾಗಿ ನಡೆದರೆ ಅದು ‘ಆದರ್ಶ ವಿವಾಹ’ ಎನಿಸಿ ಫೋಟೊ ಸಮೇತ ಸುದ್ದಿಯಾಗುತ್ತದೆ. ಇಲ್ಲದವರ ಮನೆಯಲ್ಲಿ ಅದೇ ಬಗೆಯ ಮದುವೆ ನಡೆದರೆ ‘ಪಾಪ, ಗತಿಯಿಲ್ಲದೆ ಹೀಗೆ ಮಾಡಿದರು’ ಎಂಬ ಮಾತು ಊರೆಲ್ಲ ಹರಡುತ್ತದೆ. ರೂಢಿ ಮೀರುವ ಹಕ್ಕು ಕೂಡ ದುಡ್ಡಿದ್ದವರ ಸ್ವತ್ತಾಗಿರುವುದು ನನಗೆ ನೋವು ತಂದಿದೆ.

ಕಳೆದ ವರ್ಷ ನನ್ನ ಮಗಳ ಮದುವೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನಡೆಯಿತು. ವಿಶೇಷ ವಿವಾಹ ಕಾಯ್ದೆಯಂತೆ 30 ದಿನ ಮೊದಲೇ ನೋಟಿಸ್ ಕೊಟ್ಟಿದ್ದೆವು. ಕಚೇರಿಯ ಬೋರ್ಡಿನಲ್ಲಿ ಅದನ್ನು ಓದಿದ ಹತ್ತಿರದ ಬಂಧುವೊಬ್ಬರು ನೇರ ನಮ್ಮ ಅಡುಗೆಮನೆಗೆ ಬಂದು, ‘ಹುಡುಗಿ ಏನಾದರೂ ಎಡವಟ್ಟು ಮಾಡಿಕೊಂಡಳಾ?’ ಎಂದು ನನ್ನ ಹೆಂಡತಿಯನ್ನು ಕೇಳಿದರು. ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದ ಅವಳ ಕೈ ಮೊರದ ಮೇಲೆ ಹಾಗೇ ನಿಂತುಹೋಯಿತು. ಪೇಟೆಯ ದೊಡ್ಡ ವ್ಯಾಪಾರಿಯೊಬ್ಬರ ಮಗ ಅದೇ ಕಚೇರಿಯಲ್ಲಿ ಹಾರ ಬದಲಾಯಿಸಿಕೊಂಡಾಗ ‘ಎಂಥ ದೊಡ್ಡ ಮನಸ್ಸು’ ಎಂದು ಹೊಗಳಿದವರೂ ಇದೇ ಬಂಧು.

1978ರಲ್ಲಿ ನಡೆದ ತಮ್ಮ ಮದುವೆಗೆ 800 ರೂಪಾಯಿ ಖರ್ಚಾಯಿತು, ಅದನ್ನು ಇಬ್ಬರೂ ಸಮನಾಗಿ ಹಂಚಿಕೊಂಡೆವು ಎಂದು ಸುಧಾ ಮೂರ್ತಿಯವರು ಹೇಳಿಕೊಂಡಿದ್ದಾರೆ. ಇನ್ಫೊಸಿಸ್ ಹುಟ್ಟಿದ್ದು 1981ರಲ್ಲಿ. ಆ ದಂಪತಿಯ ನಡೆ ಅಂದೂ ಗೌರವಕ್ಕೆ ತಕ್ಕದ್ದೇ ಆಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರು ಕಂಪನಿ ಕಟ್ಟದೆ ತಿಂಗಳ ಸಂಬಳದಲ್ಲೇ ಬದುಕಿದ್ದರೆ ಆ 800 ರೂಪಾಯಿಯ ಲೆಕ್ಕವನ್ನು ನಾವ್ಯಾರೂ ಇಂದು ಮಕ್ಕಳಿಗೆ ಹೇಳುತ್ತಿರಲಿಲ್ಲ ಎಂದೇ ನನಗನಿಸುತ್ತದೆ.

1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ಮಂತ್ರಮಾಂಗಲ್ಯದ ರೀತಿಯಲ್ಲಿ ನಡೆಸುವ ಹೊತ್ತಿಗೆ ಕುವೆಂಪು ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾಗಿ ನಿವೃತ್ತರಾಗಿದ್ದರು, ರಾಷ್ಟ್ರಕವಿಯೂ ಆಗಿದ್ದರು. ಆ ಎತ್ತರದಲ್ಲಿದ್ದವರನ್ನು ಪ್ರಶ್ನಿಸಲು ನೆಂಟರಿಷ್ಟರು ಹಿಂಜರಿದಿರಬಹುದು. ಆದರೆ ಮುಹೂರ್ತ, ವರದಕ್ಷಿಣೆ, ಆಡಂಬರಗಳನ್ನು ಬದಿಗಿಟ್ಟು ವಧೂವರರು ಪ್ರತಿಜ್ಞೆ ಓದಿ ಒಂದಾಗುವ ಆ ವಿಧಾನದ ಅಗತ್ಯ ಯಾರಿಗೆ ಹೆಚ್ಚು? ಮಗಳ ಮದುವೆಗೆಂದು ಗದ್ದೆ ಅಡವಿಟ್ಟು, ವರ್ಷಗಟ್ಟಲೆ ಬಡ್ಡಿ ಕಟ್ಟುವ ಮನೆಗಳಿಗೇ ಅಲ್ಲವೇ? ಅದೇ ಮನೆಯವರು ಇಂದು ‘ನಾಲ್ಕು ಜನ ಏನಂದುಕೊಂಡಾರು’ ಎಂದು ಹೆದರಿ ಛತ್ರ ಹುಡುಕುತ್ತಾರೆ.

ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ವಿವಾಹಗಳು ನಡೆಯುತ್ತಿದ್ದು, ಸಾವಿರಾರು ಜೋಡಿಗಳು ಸಾಲದ ಹೊರೆಯಿಲ್ಲದೆ ಸಂಸಾರ ಹೂಡಿವೆ. ಹಾಗಿದ್ದರೂ ಸಾಮೂಹಿಕ ವಿವಾಹವೆಂದರೆ ಬಡವರದ್ದು ಎಂಬ ಹಣೆಪಟ್ಟಿ ಇನ್ನೂ ಕಳಚಿಲ್ಲ. ಸ್ಥಿತಿವಂತರು ತಮ್ಮ ಮಕ್ಕಳನ್ನು ಅದೇ ಸಾಲಿನ ಮಣೆಯ ಮೇಲೆ ಕೂರಿಸಲು ಮುಂದಾದರೆ ಆ ಪಟ್ಟಿ ಬೇಗ ಕಳಚೀತು.

ತಮ್ಮಲ್ಲೂ ಒಂದು ಕೋರಿಕೆಯಿದೆ. ಸರಳ ವಿವಾಹದ ಸುದ್ದಿ ಬಂದಾಗಲೆಲ್ಲ ವರನ ಅಥವಾ ವಧುವಿನ ತಂದೆಯ ಹುದ್ದೆಯೇ ತಲೆಬರಹದಲ್ಲಿರುತ್ತದೆ. ಗಾರೆ ಕೆಲಸದವರ, ಅಂಗನವಾಡಿ ಕಾರ್ಯಕರ್ತೆಯರ ಮನೆಗಳಲ್ಲಿ ನಡೆಯುವ ಇಂಥ ಮದುವೆಗಳಿಗೂ ಅದೇ ಪುಟದಲ್ಲಿ ನಾಲ್ಕು ಸಾಲು ಜಾಗ ಕೊಡಬೇಕೆಂದು ವಿನಂತಿಸುತ್ತೇನೆ.

– ನಿವೃತ್ತ ಗುಮಾಸ್ತ, ಶಿವಮೊಗ್ಗ ಜಿಲ್ಲೆ