ಇಕ್ಕಳ ನೆನಪಾಗದ ಮಗಳಿಂದ ಅಮ್ಮನಿಗೆ

ಪ್ರೀತಿಯ ಅಮ್ಮ,

ನಾನು ಚೆನ್ನಾಗಿದ್ದೇನೆ. ನೀವೆಲ್ಲ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ.

ಭಾನುವಾರ ಫೋನಿನಲ್ಲಿ ನಾನು "ಅದೇ ಅಮ್ಮ, ಬಿಸಿ ಪಾತ್ರೆ ಹಿಡಿದು ಇಳಿಸ್ತೀವಲ್ಲ, ಅದು" ಅಂತ ತಡವರಿಸಿದಾಗ ನೀನು ನಕ್ಕುಬಿಟ್ಟೆ. ಹಿಂದಿನಿಂದ ಅಪ್ಪ "ಇವಳಿಗೂ ಅದೇ ಕಾಯಿಲೆ ಬಂತು ನೋಡು" ಅಂದದ್ದೂ ಕೇಳಿಸಿತು. ಆಗ ನಾನೂ ನಕ್ಕೆ. ಆಮೇಲೆ ಯೋಚನೆ ಬಂತು, ನಾನಿಲ್ಲಿ ಏನು ಓದುತ್ತಿದ್ದೇನೆ ಅಂತ ನಿಮಗೆ ಒಂದು ಸಲವೂ ಸರಿಯಾಗಿ ಹೇಳಿಲ್ಲ. "ಮಗಳು ಮರೆವಿನ ಕಾಯಿಲೆ ಬಗ್ಗೆ ಓದ್ತಾಳೆ" ಅಂತ ನೀನು ಎಲ್ಲರಿಗೂ ಹೇಳ್ತೀಯಲ್ಲ, ಅದು ಅರ್ಧ ತಪ್ಪು.

ನಾನು ಓದುತ್ತಿರುವ ಕಾಯಿಲೆಯ ಹೆಸರು ಪ್ರೈಮರಿ ಪ್ರೋಗ್ರೆಸಿವ್ ಅಫೇಸಿಯಾ, ಅಂದರೆ ಮಿದುಳು ಕೆಡುತ್ತಾ ಮಾತು ನಿಧಾನಕ್ಕೆ ಕಳೆದುಹೋಗುವ ಕಾಯಿಲೆ. ಲಕ್ವ ಹೊಡೆದಾಗಲೂ ಮಾತು ಹೋಗುತ್ತದೆ, ಆದರೆ ಅದು ಒಂದೇ ದಿನದಲ್ಲಿ ಹೋಗಿ ಆಮೇಲೆ ಅಷ್ಟೋ ಇಷ್ಟೋ ವಾಪಸ್ ಬರುತ್ತದೆ. ಇದು ಹಾಗಲ್ಲ. ಸದ್ದಿಲ್ಲದೆ ಶುರುವಾಗಿ ವರ್ಷದಿಂದ ವರ್ಷಕ್ಕೆ ಜಾಸ್ತಿಯಾಗುತ್ತಾ ಹೋಗುತ್ತದೆ. ಮೊದಮೊದಲು ನೆನಪು, ದಾರಿ, ಲೆಕ್ಕಾಚಾರ ಎಲ್ಲ ನೆಟ್ಟಗಿರುತ್ತವೆ. ಮಾತು ಮಾತ್ರ ಕೈಕೊಡುತ್ತದೆ. ಎಷ್ಟೋ ಜನಕ್ಕೆ 65 ದಾಟುವ ಮೊದಲೇ ಬರುವುದರಿಂದ, "ಟೆನ್ಶನ್ ಇರಬೇಕು" ಅಂತ ಸುಮ್ನೆ ಬಿಟ್ಟುಬಿಡುತ್ತಾರೆ. 1892ರಲ್ಲೇ ಪ್ರಾಗ್‌ನಲ್ಲಿ ಆರ್ನಲ್ಡ್ ಪಿಕ್ ಅನ್ನುವ ಡಾಕ್ಟರು ಇಂಥ ಒಬ್ಬರ ಬಗ್ಗೆ ಬರೆದಿದ್ದರು. ಆದರೆ ಇದೊಂದು ಬೇರೆಯೇ ಕಾಯಿಲೆ ಅನ್ನುವುದು ಗಟ್ಟಿಯಾದದ್ದು 1982ರಲ್ಲಿ, ಮಾರ್ಸೆಲ್ ಮೆಸುಲಮ್ ಅನ್ನುವ ಡಾಕ್ಟರು 6 ಜನರ ಕಥೆ ಬರೆದ ಮೇಲೆ.

ಈಗ ನಮ್ಮ ಇಕ್ಕಳಕ್ಕೆ ಬರ್ತೀನಿ. ನೀನು "ಇಕ್ಕಳ" ಅಂದ ತಕ್ಷಣ ನಾನು "ಹಾಂ, ಅದೇ" ಅಂದೆ ಅಲ್ವಾ? ಪದ ಒಳಗೇ ಇತ್ತು, ನಾಲಿಗೆಗೆ ಬರಲಿಲ್ಲ ಅಷ್ಟೇ. ನಮ್ಮಲ್ಲಿ ಬರುವ ಕೆಲವರಿಗೆ ಪದ ಹೇಳಿಕೊಟ್ಟರೂ "ಹಾಗಂದ್ರೇನು?" ಅಂತಾರೆ. ಮೊದಲ ಸಲ ಕೇಳುವವರ ಮುಖ ಇರುತ್ತದೆ. ಮಾತು ಮಾತ್ರ ಸರಾಗ, ವ್ಯಾಕರಣ ಒಂದೂ ತಪ್ಪುವುದಿಲ್ಲ. ಈ ಕಾಯಿಲೆಯಲ್ಲಿ ಮೂರು ಬಗೆ, ಇದು ಮೊದಲನೆಯದು. ಇದಕ್ಕೆ ಸಿಮ್ಯಾಂಟಿಕ್ ಬಗೆ ಅಂತಾರೆ. ಇವರನ್ನು ಗುರುತಿಸುವ ಒಂದು ಪರೀಕ್ಷೆ ಕೇಳಿದರೆ ಅಪ್ಪನಿಗೆ ಖುಷಿಯಾಗುತ್ತದೆ: ಬರೆಯುವುದೊಂದು, ಓದುವುದೊಂದು ಇರುವ ಇಂಗ್ಲಿಷ್ ಪದಗಳನ್ನು ಓದಿಸುತ್ತೇವೆ. yacht ಅಂತ ಬರೆದು "ಯಾಟ್" ಅಂತ ಓದಬೇಕಾದದ್ದನ್ನು ಅಕ್ಷರ ನೋಡಿಕೊಂಡು "ಯಾಚ್ಟ್" ಅಂತ ಓದುತ್ತಾರೆ. ಕನ್ನಡದಲ್ಲಿ ಬರೆದ ಹಾಗೆ ಓದುತ್ತೇವೆ, ಹಾಗಾಗಿ ಈ ಪರೀಕ್ಷೆಯೇ ನಡೆಯುವುದಿಲ್ಲ! ಇಂಗ್ಲಿಷಿನವರಿಗಾಗಿ ಮಾಡಿದ್ದನ್ನು ಅನುವಾದ ಮಾಡಿಕೊಂಡರೆ ಸಾಕು ಅನ್ನುವವರ ಜೊತೆ ನಾನು ಯಾಕೆ ಜಗಳ ಆಡ್ತೀನಿ ಅಂತ ಈಗ ಗೊತ್ತಾಯ್ತಾ?

ಎರಡನೆಯ ಬಗೆಯವರಿಗೆ ಅರ್ಥವೆಲ್ಲ ಗೊತ್ತಿರುತ್ತದೆ, ವಾಕ್ಯ ಕಟ್ಟುವುದು, ಉಚ್ಚಾರ ಮಾಡುವುದು ಕಷ್ಟ. ಒಂದೊಂದು ಪದಕ್ಕೂ ಹೆಣಗಾಡುತ್ತಾರೆ.

ನಾನು ಜಾಸ್ತಿ ಕೂರುವುದು ಮೂರನೆಯವರ ಜೊತೆ. ಲೋಗೊಪೆನಿಕ್ ಅಂತಾರೆ. ಇವರಿಗೆ ಪದ ಹುಡುಕಿ ಹುಡುಕಿ ಮಾತು ನಿಂತು ನಿಂತು ಬರುತ್ತದೆ. ಒಬ್ಬ ಹೆಂಗಸು ಬರುತ್ತಾರೆ, ಹೆಚ್ಚುಕಡಿಮೆ ನಿನ್ನ ವಯಸ್ಸು. ಹೆಸರು ಹೇಳುವಂತಿಲ್ಲ. "ಪಕ್ಕದ ಮನೆಯ ಕಪ್ಪು ನಾಯಿ ರಾತ್ರಿಯೆಲ್ಲ ಬೊಗಳಿ ಮಕ್ಕಳನ್ನು ಎಬ್ಬಿಸಿತು" ಅನ್ನುವಂಥ ಒಂದು ವಾಕ್ಯ ಹೇಳಿ, ಹಾಗೇ ತಿರುಗಿ ಹೇಳಿ ಅಂದೆ. ಅವರು ಸ್ವಲ್ಪ ಹೊತ್ತು ಬಿಟ್ಟು, "ನಾಯಿ... ಪಾಪ, ಮಕ್ಕಳಿಗೆ ನಿದ್ದೆ ಇಲ್ಲ" ಅಂದರು. ನೋಡು, ವಿಷಯ ಪೂರ್ತಿ ತಲುಪಿದೆ, ಪಾಪ ಅನ್ನುವುದನ್ನು ಅವರೇ ಸೇರಿಸಿದ್ದಾರೆ! ಕೇಳಿದ ಪದಗಳನ್ನು ಒಂದೆರಡು ಕ್ಷಣ ಹಿಡಿದಿಟ್ಟುಕೊಳ್ಳಲು ಮಾತ್ರ ಆಗಲಿಲ್ಲ. ನಮ್ಮ ಪಟ್ಟಿಯಲ್ಲಿ ಅದಕ್ಕೆ ಸೊನ್ನೆ. ಸೊನ್ನೆ ಬರೆಯುವಾಗ ನನಗೆ ಸಿಟ್ಟೇ ಬಂತು.

ಇನ್ನೊಂದು ಪರೀಕ್ಷೆಯಲ್ಲಿ ಒಂದು ಚಿತ್ರ ಕೊಟ್ಟು ಏನು ನಡೆಯುತ್ತಿದೆ ಹೇಳಿ ಅನ್ನುತ್ತೇವೆ. ಹುಡುಗ ಸ್ಟೂಲ್ ಹತ್ತಿ ಬಿಸ್ಕತ್ತು ಕದಿಯುತ್ತಿದ್ದಾನೆ, ಸ್ಟೂಲ್ ವಾಲಿದೆ, ಸಿಂಕ್ ತುಂಬಿ ನೀರು ನೆಲಕ್ಕೆ ಹರಿಯುತ್ತಿದೆ, ತಾಯಿಗೆ ಪರಿವೆಯೇ ಇಲ್ಲ. ಅದನ್ನು ರೆಕಾರ್ಡ್ ಮಾಡಿ, ಕಾಲು ಸೆಕೆಂಡಿಗಿಂತ ಜಾಸ್ತಿ ನಿಲ್ಲಿಸಿದ ಕಡೆಯೆಲ್ಲ ಗುರುತು ಹಾಕುವುದು ನನ್ನ ಕೆಲಸ. ಎರಡು ನಿಮಿಷದ ಮಾತಿಗೆ ಇಡೀ ಮಧ್ಯಾಹ್ನ ಬೇಕು. ಹೋದ ವರ್ಷ ಆಕೆ "ಸ್ಟೂಲ್ ಬೀಳ್ತಾ ಇದೆ" ಅಂದಿದ್ದರು. ಈ ವರ್ಷ "ಆ ಥಿಂಗ್..." ಅಂತ ನಿಂತರು. ಹೆಡ್‌ಫೋನಿನಲ್ಲಿ ಬರೀ ಉಸಿರು, 4 ಸೆಕೆಂಡ್. ಪಕ್ಕದಲ್ಲಿದ್ದ ಗಂಡ "ಸ್ಟೂಲ್" ಅಂದುಬಿಟ್ಟರು. ಆಕೆ ಅವರ ಕಡೆ ತಿರುಗದೆ ಅಂಗೈ ಎತ್ತಿ ತಡೆದು, ಇನ್ನೊಂದು ಕೈಯನ್ನು ಮೇಜಿನ ಮೇಲೆ ನಿಲ್ಲಿಸಿ, ನಿಧಾನಕ್ಕೆ ವಾಲಿಸಿ ತೋರಿಸಿದರು. ಆ ಕೈ ರೆಕಾರ್ಡಿಂಗಿನಲ್ಲಿ ಇಲ್ಲ. ನಾನು ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ.

ಔಷಧಿ ಇಲ್ವಾ ಅಂತ ನೀನು ಕೇಳ್ತೀಯ. ಇದನ್ನು ನಿಲ್ಲಿಸುವ ಔಷಧಿ ಇಲ್ಲ ಅಮ್ಮ. ಸ್ಪೀಚ್ ಥೆರಪಿಯಲ್ಲಿ ಬೇಕಾದ ಪದ, ವಾಕ್ಯಗಳನ್ನು ರೂಢಿ ಮಾಡಿಸುತ್ತಾರೆ, ಫೋಟೊ ಪುಸ್ತಕ ಮಾಡಿಕೊಡುತ್ತಾರೆ. ಅದರಿಂದ ದಿನದ ಬದುಕು ಸ್ವಲ್ಪ ಹಗುರವಾಗುತ್ತದೆ. ಮತ್ತೆ ಇಷ್ಟೆಲ್ಲ ಎಣಿಸಿ ಏನು ಲಾಭ ಅಂದರೆ, ಮಾತು ಕೆಡುವ ರೀತಿ ನೋಡಿ ಒಳಗೆ ಏನು ಕೆಟ್ಟಿದೆ ಅಂತ ಸುಮಾರಾಗಿ ಊಹಿಸಬಹುದು. ಲೋಗೊಪೆನಿಕ್ ಆದರೆ ಮಿದುಳಿನಲ್ಲಿ ಸೇರಿಕೊಂಡಿರುವುದು ಹೆಚ್ಚಾಗಿ ಮರೆವಿನ ಕಾಯಿಲೆಯಾದ ಆಲ್‌ಝೈಮರ್‌ನದ್ದೇ ಪ್ರೋಟೀನ್‌ಗಳು, ಸಿಮ್ಯಾಂಟಿಕ್ ಆದರೆ ಹೆಚ್ಚಾಗಿ ಟಿಡಿಪಿ-43 ಅನ್ನುವ ಬೇರೆ ಪ್ರೋಟೀನ್. ನಾಳೆ ಔಷಧಿ ಬಂದರೆ ಯಾರಿಗೆ ಯಾವುದು ಅಂತ ಗೊತ್ತಾಗಬೇಕಲ್ಲ.

ಅಪ್ಪನಿಗೆ ಹೇಳು, ನನಗೇನೂ ಆಗಿಲ್ಲ, ಸುಮ್ನೆ ದಿನವೂ ನನ್ನ ಜೊತೆ ಕನ್ನಡ ಮಾತಾಡುವವರು ಇಲ್ಲಿ ಯಾರೂ ಇಲ್ಲ, ಅದಕ್ಕೇ ಪದ ಸಿಗಲಿಲ್ಲ. ಆದರೆ ಮುಂದಿನ ಸಲ ನಾನು ತಡವರಿಸಿದರೆ ತಕ್ಷಣ ಹೇಳಿಕೊಡಬೇಡ. 4 ಸೆಕೆಂಡ್ ಕಾಯಿ.

ಬುಧವಾರ ಆಕೆ ಮತ್ತೆ ಬರುತ್ತಾರೆ. ಗಂಡನನ್ನು ಹೊರಗೆ ಕೂರಿಸಬೇಕು.

ನಿನ್ನ
ಪುಟ್ಟಿ